ಅಜ್ಜನಿಗೆ ಏಳು ಬಾಟಲಿ ಮದ್ದು

೩ ಮಾರ್ಚ್, ಭಾನುವಾರ. ಬೆಳಿಗ್ಗೆ ಆರೂವರೆ

ಇಡೀ ಸುಮಾತ್ರಾದಲ್ಲಿ ಎಂಜಿನ್ನಿನ ದನಿ ಕೇಳಿಯೇ ರೋಗ ಹೇಳಬಲ್ಲವನು ನಾನೊಬ್ಬನೇ. ಜಪಾನಿನ ಕಾರ್ಖಾನೆಯವರು ಎರಡು ಸಲ ಕರೆಕಳಿಸಿದ್ದರು. ಒಂದು ಸಲ ಭತ್ತದ ಕುಯ್ಲು, ಇನ್ನೊಂದು ಸಲ ಹೆಂಡತಿಗೆ ಹಲ್ಲುನೋವು. ಹೋಗಲಾಗಲಿಲ್ಲ. ನಷ್ಟ ಅವರಿಗೇ.

ಎಂದಿನಂತೆ ತಂಗಿಯ ಮನೆಗೆ ಬಂದು ಅಜ್ಜನ ಬಾನೆಟ್ ಎತ್ತಿದೆ. ಆಯಿಲ್ ಕಡ್ಡಿ ಎಳೆದು ಲುಂಗಿಯ ತುದಿಗೆ ಒರೆಸಿ ಮತ್ತೆ ಅದ್ದಿದೆ. ಕೆಳಗಿನ ಗೆರೆಗಿಂತ ಕೆಳಗೆ! ಮೊನ್ನೆ ತಾನೇ ಒಂದು ಲೀಟರ್ ಸುರಿದಿದ್ದೆ. ಕುಡಿಯುತ್ತಾನೋ, ಉಗುಳುತ್ತಾನೋ... ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ. ತಂಗಿ ದೇಸ್ಮಾ ಮದುವೆಗೆಂದು ಒಗೆದು ಹರವಿದ್ದ ಪರದೆಗಳು ಹೊಗೆಯಲ್ಲಿ ಮುಳುಗಿದವು.

"ಅಣ್ಣಾ! ನಿನ್ನ ಹುಲಿನ ಆ ಕಡೆ ತಿರುಗಿಸೋ!"

ಹುಲಿ ಅನ್ನಬೇಡ ಎಂದು ನೂರು ಸಲ ಹೇಳಿದ್ದೇನೆ. ಕಾಡಿನಲ್ಲೇ ನಾವು ಆ ಹೆಸರು ಎತ್ತುವುದಿಲ್ಲ, ಅಜ್ಜ ಅನ್ನುತ್ತೇವೆ. ೧೯೮೬ರ ಈ ಹಳದಿ ಗಾಡಿಗೂ ಅದೇ ಮರ್ಯಾದೆ ಸಲ್ಲಬೇಕು. ಇಪ್ಪತ್ತು ವರ್ಷ ಈರುಳ್ಳಿ ಹೊತ್ತಿದ್ದಾನೆ. ಒಮ್ಮೆಯೂ ದಾರಿಯಲ್ಲಿ ನಿಂತವನಲ್ಲ. (ಎರಡು ಸಲ. ಆದರೆ ಎರಡೂ ಸಲ ಇಳಿಜಾರಿನಲ್ಲಿ, ಲೆಕ್ಕಕ್ಕಿಲ್ಲ.)

ಇಪ್ಪತ್ತನಾಲ್ಕಕ್ಕೆ ದೇಸ್ಮಾಳ ಮಗಳು ಫೀರಾಳ ಮದುವೆ. ಗಂಡು ನೋಫ್ರಿ, ಪಾಡಾಂಗ್ ಪಟ್ಟಣದವನು. ಗಂಡನ್ನು ಅವನ ಮನೆಯಿಂದ ಕರೆತರಬೇಕಾದವನು ಹುಡುಗಿಯ ಸೋದರಮಾವ. ಅಪ್ಪನಲ್ಲ. ಮನೆ, ಆಸ್ತಿ, ವಂಶ ಎಲ್ಲ ತಾಯಿಯ ಕಡೆಯಿಂದ ಬರುವ ನಮ್ಮಲ್ಲಿ ಅಪ್ಪ ಮೋಟುಮರದ ಮೇಲಿನ ಬೂದಿ, ಗಾಳಿ ಬೀಸಿದರೆ ಹಾರಿಹೋದ. ಸಿತಿಂಜಾವು ಘಾಟಿ ಇಳಿದು, ಗಂಡನ್ನು ಕೂರಿಸಿಕೊಂಡು, ಅದೇ ಘಾಟಿ ಹತ್ತಿ, ಹನ್ನೊಂದರೊಳಗೆ ಸೋಲೋಕ್‌ನ ನಮ್ಮ ಮಸೀದಿ ಮುಟ್ಟಿಸಬೇಕು. ಮುಟ್ಟಿಸುವುದು ಅಜ್ಜ. ಹೇಳಿಯಾಗಿದೆ. ಊರಿಗೆಲ್ಲ ಹೇಳಿಯಾಗಿದೆ.

ಫೀರಾಳ ಅಪ್ಪ ರಿಜಾಲ್ ಮೇಷ್ಟ್ರು ಕಾಫಿ ಹೀರುತ್ತ ಮೆಲ್ಲಗೆ ಶುರು ಮಾಡಿದ: "ಭಾವ, ಆರು ಲಕ್ಷ ರುಪಿಯಾ ಕೊಟ್ರೆ ಹೊಸ ಗಾಡಿ ಬಾಡಿಗೆಗೆ ಬರುತ್ತೆ. ಡ್ರೈವರ್ ಸಮೇತ..."

"ಮೇಷ್ಟ್ರೇ, ಬೂದಿ ಮಾತಾಡಬಾರದು."

ನಕ್ಕುಬಿಟ್ಟ! ಇವನಿಗೆ ಸಿಟ್ಟೂ ಬರುವುದಿಲ್ಲ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?


೫ ಮಾರ್ಚ್, ಮಂಗಳವಾರ. ಸಂತೆಯಿಂದ ಬಂದಮೇಲೆ

ಹೋರಿ ಮಾರಿದೆ. ಫೀರಾಗೆ ಬಳೆ ಮಾಡಿಸಲು ಎರಡು ವರ್ಷ ಮೇಯಿಸಿದ್ದು. ಒಳ್ಳೇ ಬೆಲೆ ಬಂತು. ಎಷ್ಟೆಂದು ಬರೆಯುವುದಿಲ್ಲ, ಹೆಂಡತಿ ಗುಸ್ನಿ ಈ ಪುಸ್ತಕದ ಮೇಲೆ ಕಣ್ಣಿಟ್ಟಿದ್ದಾಳೆ. ಮನೆಯಲ್ಲಿ ಅರವತ್ತು ಲಕ್ಷ ಎಂದಿದ್ದೇನೆ.

ಅಕ್ಕಸಾಲಿಗನ ಅಂಗಡಿಗೆ ಹೊರಟವನು ದಾರಿಯಲ್ಲಿ ಗುಂಪು ಕಂಡು ನಿಂತೆ. ಟೈ ಕಟ್ಟಿದವನೊಬ್ಬ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡಿದ್ದ. ಮೋಟಾರು ಒಂದು ಉಕ್ಕಿನ ಬಳೆಯನ್ನು ತಿರುಗಿಸುತ್ತದೆ. ಮೇಲೊಂದು ಹಿಡಿ, ಅದನ್ನು ಅದುಮಿದರೆ ಬೇರಿಂಗ್ ಆ ಬಳೆಗೆ ಉಜ್ಜುತ್ತದೆ. ಮಾಮೂಲಿ ಆಯಿಲ್ ಹಾಕಿ ಅದುಮಿದ. ಕಿರ್‍ರ್ ಎಂದು ಕಿರುಚಿ ನಿಂತೇಹೋಯಿತು. ಅವನ ಬಾಟಲಿಯಿಂದ ನಾಲ್ಕು ಹನಿ ಬಿಟ್ಟ. "ಯಜಮಾನ್ರೇ, ಬನ್ನಿ ಇಲ್ಲಿ, ಈ ಹಿಡಿಗೆ ನೇತಾಡಿ!"

ನೇತಾಡಿದೆ. ಎಂಬತ್ತು ಕಿಲೋ ಮನುಷ್ಯ, ಎಲ್ಲ ಮಾಂಸಖಂಡ. ಕಾಲು ನೆಲ ಬಿಟ್ಟಿತು. ಬಳೆ ತಿರುಗುತ್ತಲೇ ಇತ್ತು, ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ಸಂತೆ ಚಪ್ಪಾಳೆ ತಟ್ಟಿತು.

ಅವನು ನನ್ನ ಕೈ ಹಿಡಿದು ಉಗುರಿನ ಕಪ್ಪು ನೋಡಿದ. "ಈ ಕೈಗೆ ಎಂಜಿನ್ ಗೊತ್ತು. ಇಂಥವರನ್ನೇ ಹುಡುಕ್ತಿದ್ದೆ."

ಎಷ್ಟು ಬೇಗ ಗುರುತಿಸಿದ! ನಮ್ಮೂರಿನವರಿಗೆ ಐವತ್ತು ವರ್ಷ ಸಾಲಲಿಲ್ಲ.

ಎರಡು ಬಾಟಲಿ ತಂದೆ. ಎರಡೇ. ತೊಂಬತ್ತು ಸಾವಿರ. ಒಂದು ಗ್ಲಾಸು ಮೊಟ್ಟೆ ಚಹಾಕ್ಕೇ ಎಂಟು ಸಾವಿರ ಇರುವಾಗ ಇದೇನು ಮಹಾ.


೬ ಮಾರ್ಚ್, ಬುಧವಾರ

ಅಸ್ರಿಲ್‌ನ ಗ್ಯಾರೇಜಿಗೆ ಹೋಗಿದ್ದು ಸಲಹೆ ಕೇಳುವುದಕ್ಕಲ್ಲ, ತೋರಿಸುವುದಕ್ಕೆ. ಅವನು ಬಾಟಲಿ ತಿರುಗಿಸಿ ಮುರುಗಿಸಿ ನೋಡಿದ, ಮೂಸಿದ, ಬೆರಳಿಗೆ ಹಚ್ಚಿ ಉಜ್ಜಿದ. ಊರವರಂತೆ ಅವನೂ ನನ್ನನ್ನು ಬಿರುದು ಹಿಡಿದೇ ಕರೆಯುವುದು.

"ಸುತಾನ್, ಇದು ಎಂಜಿನ್ ಒಳಗಿನ ಕೊಳೆ ತೊಳೆಯೋದು. ನಿಮ್ಮ ಅಜ್ಜನಿಗೆ ಬೇಡ."

"ಯಾಕೆ? ಅಜ್ಜನಿಗೆ ಕೊಳೆ ಇಲ್ವಾ?"

"ಕೊಳೆನೇ ಇರೋದು! ಇಪ್ಪತ್ತು ವರ್ಷದ ಕೊಳೆ ಗಾರೆ ಥರ ಹಿಡ್ಕೊಂಡಿದೆ. ಅದನ್ನ ಒಂದೇ ಸಲ ಎಬ್ಬಿಸಿದ್ರೆ ಎಲ್ಲಿಗೆ ಹೋಗುತ್ತೆ? ಕೆಳಗಡೆ ಆಯಿಲ್ ಹೀರೋ ಜಾಲರಿ ಇದೆಯಲ್ಲ, ಅಲ್ಲಿಗೆ."

ಆಮೇಲೆ ಉಪದೇಶ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿ, ಕೊಳೆ ತಾನಾಗಿ ಸ್ವಲ್ಪಸ್ವಲ್ಪ ಹೋಗುತ್ತದೆ. ಹಳೇ ಎಂಜಿನ್ ಸೀಸದ ಪೆಟ್ರೋಲಿಗೆ ಮಾಡಿದ್ದು, ಈಗಿನ ಪೆಟ್ರೋಲಿನಲ್ಲಿ ಸೀಸ ಇಲ್ಲ, ವಾಲ್ವು ಕೂರುವ ಜಾಗ ಸವೆಯುತ್ತದೆ, ಅದಕ್ಕೊಂದು ಮದ್ದು ಇದೆ, ಅದನ್ನು ಬೇಕಾದರೆ ಟ್ಯಾಂಕಿಗೆ ಹಾಕಿ. ಒಂದು ಸಲಕ್ಕೆ ಒಂದೇ ಮದ್ದು. ಒಂದರ ಮೇಲೊಂದು ಸುರಿಯಬೇಡಿ.

ಇಷ್ಟೇನಾ! ಮೂವತ್ತು ವರ್ಷ ಗ್ಯಾರೇಜು ಇಟ್ಟವನು ಹೇಳುವುದು ಆಯಿಲ್ ಬದಲಿಸಿ ಅಂತ. ಬಡ ವೈದ್ಯ ಹಾಗೇ, ಪಥ್ಯ ಹೇಳಿ ಕಳಿಸುತ್ತಾನೆ.


೯ ಮಾರ್ಚ್, ಶನಿವಾರ

ಸರಿ. ಎರಡು ಬಾಟಲಿ ಅಲ್ಲ. ಒಂದು ರಟ್ಟಿನ ಪೆಟ್ಟಿಗೆ. ತಂಗಿಯ ಅಂಗಳದ ಕಣಜದಲ್ಲಿ ಭತ್ತದ ಚೀಲಗಳ ಹಿಂದೆ ಇದೆ. ಹೆಂಡತಿ ಮನೆಯಲ್ಲಿ ನಾನು ನೆಂಟ, ಅಲ್ಲಿ ಒಂದು ಸೂಜಿ ಬಚ್ಚಿಡಲೂ ಜಾಗವಿಲ್ಲ. ತಂಗಿಯ ಮನೆಯಲ್ಲಿ ಯಜಮಾನ.

ನಮ್ಮ ಸುತ್ತಿನ ಏಜೆಂಟ್ ಆಗಿದ್ದೇನೆ. ಫೋಟೋ ಇರುವ ಗುರುತಿನ ಚೀಟಿ. ಫೋಟೋದಲ್ಲಿ ಮಂತ್ರಿಯ ಹಾಗೆ ಕಾಣುತ್ತೇನೆ. ಅಜ್ಜ ಹೊಗೆಯಿಲ್ಲದೆ ಘಾಟಿ ಹತ್ತಿದ್ದನ್ನು ಮದುವೆಯ ಜನ ನೋಡಿದರೆ ಸಾಕು, ಬಾಟಲಿ ತಾವಾಗಿ ಖಾಲಿ. ಆ ದುಡ್ಡಿನಲ್ಲಿ ಫೀರಾಗೆ ಒಂದಲ್ಲ, ಎರಡು ಬಳೆ. ಲೆಕ್ಕ ಪಕ್ಕಾ ಇದೆ.

ಫೀರಾ ಬಂದು ಕೇಳಿದಳು. ನಾಚಿಕೊಂಡೇ ಕೇಳಿದಳು, ಪಾಪ. "ದೊಡ್ಡಮಾವ, ಬಳೆ ಅಳತೆಗೆ ಕೈ ಕೊಡ್ಬೇಕಾ?"

"ಬೇಡ ಮಗಳೇ. ಕಣ್ಣಳತೆ ಸಾಕು. ಅಕ್ಕಸಾಲಿಗ ಸ್ವಲ್ಪ ಸೋಮಾರಿ."

ಹೋದಮೇಲೆ ಎದೆಯೊಳಗೆ ಏನೋ ಕಚ್ಚಿತು. ಮೆಣಸಿನಕಾಯಿ ಜಾಸ್ತಿಯಾಗಿತ್ತು ಅಂತ ಕಾಣುತ್ತದೆ.


೧೨ ಮಾರ್ಚ್, ಮಂಗಳವಾರ

ಇವತ್ತು ತೊಳೆದೆ.

ಬಾಟಲಿಯ ಮೇಲೆ ಬರೆದಿದೆ: ಆಯಿಲಿಗೆ ಬೆರೆಸಿ, ಎಂಜಿನ್ನನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಆಯಿಲ್ ಇಳಿಸಿಬಿಡಿ. ಹತ್ತು ನಿಮಿಷ! ಇದನ್ನು ಬರೆದವನು ಶಾವಿಗೆ ಬೇಯಿಸುವವನಿರಬೇಕು. ನಮ್ಮ ಅಮ್ಮ ರೆಂದಾಂಗ್ ಮಾಡುತ್ತಿದ್ದುದು ಹೇಗೆ? ಸಣ್ಣ ಉರಿ, ನಾಲ್ಕು ಗಂಟೆ. ಕಾಯಿಹಾಲು ಬತ್ತಿ, ಎಣ್ಣೆ ಬಿಟ್ಟು, ಮಾಂಸ ಕಪ್ಪಾಗುವವರೆಗೆ. ಮೊದಲ ಹತ್ತು ನಿಮಿಷದಲ್ಲಿ ಕುದಿಯುವುದು ನೀರು ಮಾತ್ರ. ಮಸಾಲೆ ಒಳಗಿಳಿಯಲು ಹೊತ್ತು ಬೇಕು. ಇಪ್ಪತ್ತು ವರ್ಷದ ಕೊಳೆ ಹತ್ತು ನಿಮಿಷಕ್ಕೆ ಮೆದುವಾಗುತ್ತದೆಯೇ?

ಸಣ್ಣ ಉರಿಯಲ್ಲಿ ಇಟ್ಟೆ. ಅಂದರೆ ಎಂಜಿನ್ ಮೆಲ್ಲಗೆ ಗುರುಗುಟ್ಟುವಷ್ಟು. ಒಂದು ಬಾಟಲಿಗೆ ಬದಲು ಎರಡು. ಎಂಟು ಗಂಟೆಗೆ ಶುರು, ಹನ್ನೆರಡಕ್ಕೆ ಇಳಿಸಿದೆ. ನಡುನಡುವೆ ಒಂದಿಷ್ಟು ಆಕ್ಸಿಲರೇಟರ್ ಒತ್ತಿ ಕೈಯಾಡಿಸಿದ ಹಾಗೆ ಮಾಡಿದೆ, ತಳ ಹಿಡಿಯಬಾರದಲ್ಲ.

ದೇಸ್ಮಾ ಕಿಟಕಿಯಿಂದ: "ಅಣ್ಣಾ, ಏನು ಬೇಯಿಸ್ತಿದ್ದೀಯ?"

"ಅಜ್ಜನ ಹೊಟ್ಟೆ."

"ಉಪ್ಪು ನೋಡು!"

ಇಳಿದ ಆಯಿಲ್ ಕಾಡಿಗೆಗಿಂತ ಕಪ್ಪು. ಅಸ್ರಿಲ್‌ಗೆ ಒಂದು ಸೀಸೆ ಕಳಿಸಬೇಕೆಂದಿದ್ದೆ, ಮೂತಿಗೆ ತಿವಿದ ಹಾಗೆ ಆಗಲಿ ಅಂತ. ಬೇಡ, ದೊಡ್ಡ ಮನಸ್ಸು ಮಾಡಿದೆ.


೧೩ ಮಾರ್ಚ್, ಬುಧವಾರ

ರೇಷ್ಮೆ! ಅಜ್ಜ ಸ್ಟಾರ್ಟ್ ಆಗಿದ್ದೇ ಗೊತ್ತಾಗಲಿಲ್ಲ. ಸಂತೆಬೀದಿಯಲ್ಲಿ ಮೂರು ಸುತ್ತು ಹಾಕಿದೆ, ಅಸ್ರಿಲ್‌ನ ಗ್ಯಾರೇಜಿನ ಮುಂದೆ ಐದು. ಅವನು ತಲೆ ಎತ್ತಲಿಲ್ಲ. ಹೊಟ್ಟೆಕಿಚ್ಚು.


೧೬ ಮಾರ್ಚ್, ಶನಿವಾರ

ಏನಿದು ಕರ್ಮ. ಅಜ್ಜ ನಿಂತ ಜಾಗದಲ್ಲೆಲ್ಲ ಕಪ್ಪು ಮಡು. ಮುಂದಿನಿಂದ ಸೋರುತ್ತದೆ, ಹಿಂದಿನಿಂದ ಸೋರುತ್ತದೆ, ಎಂದೂ ಸೋರದ ಕಡೆಯಿಂದಲೂ. ಕೊಳೆಯೇ ತೂತು ಮುಚ್ಚಿಕೊಂಡಿತ್ತು ಅಂತ ಕಾಣುತ್ತದೆ. ಕೊಳೆಗೂ ಒಂದು ಉಪಯೋಗ ಇರುತ್ತದೆ ಎಂದು ಯಾರು ಹೇಳಿದ್ದರು? (ಅಸ್ರಿಲ್ ಹೇಳಿದ್ದ. ಆದರೆ ಇಷ್ಟು ಸ್ಪಷ್ಟವಾಗಿ ಅಲ್ಲ.)

ಏಜೆಂಟನಿಗೆ ಮದ್ದಿನ ಬರವೇ? ಸೋರುವುದಕ್ಕೆ ಒಂದು ಬಾಟಲಿ ಹಾಕಿದೆ. ಹೊಗೆಗೆ ಆಯಿಲ್ ದಪ್ಪ ಮಾಡುವ ಮದ್ದು, ಜೇನುತುಪ್ಪದಂತೆ ಇಳಿಯುತ್ತದೆ, ಒಂದು. ಸಂತೆಯ ಬಳೆ ತಿರುಗಿಸಿದ ಮದ್ದು ಒಂದು. ಪೆಟ್ರೋಲ್ ಟ್ಯಾಂಕಿಗೆ ಸೀಸದ ಬದಲಿನದು ಒಂದು. ಇದು ಅಸ್ರಿಲ್‌ನ ಮಾತಿಗೆ ಗೌರವ. ತೊಳೆದ ಎರಡೂ ಸೇರಿ ಆರು. ಏಳನೆಯದು ನನ್ನ ಸ್ವಂತದ್ದು: ಬೀರುವಿನ ನುಸಿಗುಳಿಗೆ ಹನ್ನೆರಡು, ಪುಡಿಮಾಡಿ ಪೆಟ್ರೋಲಿನಲ್ಲಿ ಕರಗಿಸಿ ಖಾಲಿ ಬಾಟಲಿಗೆ ತುಂಬಿ ಟ್ಯಾಂಕಿಗೆ ಸುರಿದೆ. ಇದರಿಂದ ಎಂಜಿನ್ನಿಗೆ ಶಕ್ತಿ ಬರುತ್ತದೆ, ಲಾರಿಯವರೆಲ್ಲ ಹೇಳುತ್ತಾರೆ.

ಗುಸ್ನಿ ಬೀರು ತೆಗೆದಳು. "ರೀ, ನುಸಿಗುಳಿಗೆ ಎಲ್ಲಿ?"

"ಇಲಿ ತಿಂದಿರಬೇಕು."

"ಇಲಿ ಮೈಯಿಂದ ಪೆಟ್ರೋಲ್ ವಾಸನೆ ಬೇರೆ ಹೊಡೀತಿದೆ."

ಹೆಂಗಸರಿಗೆ ವಿಜ್ಞಾನ ಬಿಡಿಸಿ ಹೇಳಲು ನನಗೆ ತಾಳ್ಮೆಯಿಲ್ಲ.


೨೦ ಮಾರ್ಚ್, ಬುಧವಾರ

ಆಯಿಲಿನ ಕೆಂಪು ದೀಪ ಹತ್ತುತ್ತಿದೆ. ಮೊದಲು ನಿಂತಾಗ ಮಾತ್ರ. ಇವತ್ತು ಓಡುವಾಗಲೂ. ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯವರೆಗೂ ಇದೆ! ತುಂಬಿದ ಕೊಡಕ್ಕೆ ಬಾಯಾರಿಕೆಯಂತೆ. ದೀಪದ ವೈರ್ ಹಳೆಯದು, ಅದರದ್ದೇ ತಪ್ಪು. ಮೇಲೊಂದು ಕಪ್ಪು ಟೇಪು ಅಂಟಿಸಿದೆ. ಸಮಸ್ಯೆ ಮುಗಿಯಿತು.

ಟೇಪು ಅಂಟಿಸುವಾಗ ಫೀರಾ ಕಿಟಕಿಯ ಹತ್ತಿರ ನಿಂತಿದ್ದಳು. ಕೈಗೆ ಗೋರಂಟಿ. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ದೊಡ್ಡಮಾವ, ಒಂದು ಮಾತು ಹೇಳ್ಲಾ? ಬೈಬಾರದು."

"ಹೇಳು."

"ನಂಗೆ ಬೇಕಿರೋದು ಗಂಡು. ಗಾಡಿ ಅಲ್ಲ."

ಬೈಯಲಿಲ್ಲ. ಪುಟ್ಟವಳಿದ್ದಾಗ ಈರುಳ್ಳಿ ಮೂಟೆಗಳ ಮೇಲೆ ಕುಳಿತು ಇದೇ ಅಜ್ಜನಲ್ಲಿ ಘಾಟಿ ಇಳಿದವಳು, ಸಮುದ್ರ ತೋರಿಸು ಅಂತ ಅಳುತ್ತ. ತೋರಿಸಿದವನು ಯಾರು? ಅಪ್ಪನಾ?

ಇವರಿಗೆಲ್ಲ ನನ್ನ ಮೇಲೆ ನಂಬಿಕೆ ಯಾಕಿಲ್ಲ!


೨೩ ಮಾರ್ಚ್, ಶನಿವಾರ. ಸಂಜೆ ನಾಲ್ಕು

ಅಂಗಳದಲ್ಲಿ ಐದು ಒಲೆ. ಊರೆಲ್ಲ ಇಲ್ಲೇ ಇದೆ. ಅಕ್ಕಿ ಸಾಲದೆ ದೇಸ್ಮಾ ಕಣಜದ ಬಾಗಿಲು ತೆಗೆಸಿದಳು. ನನಗೆ ಗೊತ್ತಾಗುವುದರೊಳಗೆ ಭತ್ತದ ಚೀಲ ಸರಿಸಿಯಾಗಿತ್ತು.

"ಅಣ್ಣಾ, ಕಣಜದಲ್ಲಿ ಭತ್ತ ಹುಡುಕಿದ್ರೆ ಔಷಧಿ ಅಂಗಡಿ ಸಿಕ್ತು!"

ನಲವತ್ತು ಹೆಂಗಸರು ಸೌಟು ಬಿಟ್ಟು ನನ್ನ ಕಡೆ ತಿರುಗಿದರು. ಕಂಪನಿಯ ಮಾಲು, ನನ್ನ ಮೇಲಿನ ನಂಬಿಕೆಯಿಂದ ಇಟ್ಟುಹೋಗಿದ್ದಾರೆ ಎಂದೆ. ಗುಸ್ನಿ ಪೆಟ್ಟಿಗೆ ಎಣಿಸಲು ಹೊರಟಳು, ಅಷ್ಟರಲ್ಲಿ ಯಾವುದೋ ಒಲೆಯಲ್ಲಿ ತಳ ಹತ್ತಿತು. ದೇವರು ದೊಡ್ಡವನು.

ಒಂದು ಪೆಟ್ಟಿಗೆ ಅಲ್ಲ. ನಾಲ್ಕು. ಅಷ್ಟೇ.

ಅಸ್ರಿಲ್ ತೆಂಗಿನಕಾಯಿ ಸುಲಿಯಲು ಬಂದಿದ್ದ. ನಾನು ಅಜ್ಜನಿಗೆ ರಿಬ್ಬನ್ ಕಟ್ಟಿ ಸ್ಟಾರ್ಟ್ ಮಾಡಿದ್ದೇ ತಡ, ಕತ್ತಿ ಕೆಳಗಿಟ್ಟು ಓಡಿಬಂದ.

"ಆಫ್ ಮಾಡಿ, ಸುತಾನ್! ಕೆಳಗಡೆಯಿಂದ ಟಕಟಕ ಅಂತಿದೆ, ಕೇಳಿಸ್ತಿಲ್ವಾ? ಆಯಿಲ್ ಮೇಲಕ್ಕೆ ಏರ್ತಿಲ್ಲ. ಆಯಿಲ್ ದೀಪ ಎಲ್ಲಿ?"

ಟೇಪು ಕಿತ್ತ. ಕೆಂಪು.

"ನೀವೇ ದೀಪದ ಕಣ್ಣು ಮುಚ್ಚಿದ್ರಾ!"

"ನನ್ನ ಗಾಡಿ, ನನ್ನ ದೀಪ."

"ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ಜಾಲರಿ ತೊಳೆದು ಕೊಡ್ತೀನಿ. ಮೂರು ತಾಸು ಕೆಲಸ. ಈಗ್ಲೇ ಶುರು ಮಾಡಿದ್ರೆ ರಾತ್ರಿ ಊಟದೊಳಗೆ ಮುಗಿಯುತ್ತೆ. ದುಡ್ಡೂ ಬೇಡ."

ಅಷ್ಟು ಜನರ ಮುಂದೆ! ಸೌಟು ಹಿಡಿದ ಹೆಂಗಸರ ಮುಂದೆ! ಬೂದಿ ಮೇಷ್ಟ್ರು ಕೂಡ ಅಲ್ಲೇ ನಿಂತು ಬೆಲ್ಲ ಕೆರೆಯುತ್ತಿದ್ದ. "ತೆಂಗಿನಕಾಯಿ ಸುಲಿ ಹೋಗು" ಅಂದೆ. ಅವನು ಹೋಗಿ ಸುಲಿದ.

ಟೇಪು ಮತ್ತೆ ಅಂಟಿಸಿದೆ.


೨೪ ಮಾರ್ಚ್, ಭಾನುವಾರ. ಬೆಳಗಿನ ಜಾವ ಐದು

ಕಪ್ಪು ಮಖಮಲ್ಲು. ಸೊಂಟಕ್ಕೆ ಅಜ್ಜನ ಕಾಲದ ಕಠಾರಿ (ಇದು ನಿಜವಾದ ಅಜ್ಜ). ಪಕ್ಕದ ಸೀಟಿನ ಮೇಲೆ ವೀಳ್ಯದ ತಟ್ಟೆ. ಈ ಪುಸ್ತಕವನ್ನೂ ಇಟ್ಟುಕೊಂಡಿದ್ದೇನೆ, ಘಾಟಿ ಹತ್ತಿದ ಗಳಿಗೆ ಬರೆದಿಡಲು. ಮೇಷ್ಟ್ರು ಹೆಂಗಸರಿಗೆಂದು ಬಾಡಿಗೆ ಗಾಡಿ ತಂದಿದ್ದಾನೆ. ತರಲಿ. ನನ್ನ ಹಿಂದೆ ಧೂಳು ಕುಡಿಯಲಿ.


ಅದೇ ದಿನ. ಒಂಬತ್ತೂಮುಕ್ಕಾಲು. ಘಾಟಿಯ ಲಾಳದ ತಿರುವು

ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಾಡಲು ಬೇರೆ ಕೆಲಸವಿಲ್ಲ.

ಇಳಿದಿದ್ದು ಸರಾಗ. ನೋಫ್ರಿಯ ಮನೆಯಲ್ಲಿ ವೀಳ್ಯ ಕೊಟ್ಟು ನಾಲ್ಕು ಮಾತಾಡಿದೆ, ಅವರ ಹಿರಿಯರು ತಲೆದೂಗಿದರು. ಗಂಡು ಮುಂದೆ ನನ್ನ ಪಕ್ಕ, ಬಂಗಾರದ ಪೇಟ ಗಾಡಿಯ ಛಾವಣಿಗೆ ತಾಗುತ್ತಿತ್ತು. ಹಿಂದೆ ಅವನ ಇಬ್ಬರು ಚಿಕ್ಕಮ್ಮಂದಿರು. ಘಾಟಿ ಶುರುವಾದಾಗ ಟಕಟಕ. ಎರಡನೇ ತಿರುವಿಗೆ ಡಬಡಬ. ಸಿಮೆಂಟ್ ಲಾರಿ ಮುಂದೆ, ಕಲ್ಲಿದ್ದಲ ಲಾರಿ ಹಿಂದೆ. ಫಸ್ಟ್ ಗೇರ್.

"ಮಾವ, ಏನೋ ಸದ್ದು..." ಎಂದ ನೋಫ್ರಿ.

"ಅಜ್ಜ ಮಂತ್ರ ಹೇಳ್ತಿದಾನೆ, ಸುಮ್ಮನಿರು."

ಲಾಳದ ತಿರುವಿನ ಸರಿಯಾಗಿ ನಡುವೆ ಒಳಗೆ ಏನೋ ಕಬ್ಬಿಣ ಕಬ್ಬಿಣವನ್ನು ಕಚ್ಚಿತು. ಅಷ್ಟೇ. ಸ್ಟೀರಿಂಗ್ ನಡುಗಿತು, ನಿಂತುಬಿಟ್ಟ. ಸಂತೆಯಲ್ಲಿ ಮಾಮೂಲಿ ಆಯಿಲ್ ಹಾಕಿದ ಆ ಬಳೆ ನಿಂತಿತಲ್ಲ, ಅದೇ ದನಿ. ಕೀ ತಿರುಗಿಸಿದರೆ ಕಟ್ ಎಂಬ ಸದ್ದು ಮಾತ್ರ. ಹಿಂದಿನ ಲಾರಿಯವನು ಇಳಿದುಬಂದು ಬೈಯಲು ಬಾಯಿ ತೆರೆದವನು ಗಂಡಿನ ಪೇಟ ನೋಡಿ ಬಾಯಿ ಮುಚ್ಚಿದ. ಅವನೂ ಅವನ ಕ್ಲೀನರೂ ಸೇರಿ ಅಜ್ಜನನ್ನು ಪಕ್ಕಕ್ಕೆ ತಳ್ಳಿದರು. ಮಖಮಲ್ಲು ತೊಟ್ಟು ನಾನೂ ತಳ್ಳಿದೆ.

ಬಾಡಿಗೆ ಗಾಡಿ ಬಂದು ನಿಂತಿತು. ಮೇಷ್ಟ್ರು ಇಳಿದ. ನಾನು ಕಾಯುತ್ತಿದ್ದ ಒಂದು ಮಾತನ್ನೂ ಅವನು ಆಡಲಿಲ್ಲ.

"ಭಾವ, ಹೆಂಗಸರಿಗೆ ಅಂತ ಹೇಳಿದ್ದೆ. ಸುಳ್ಳು. ಪಾಡಾಂಗಿಂದ ನಿಮ್ಮ ಹಿಂದೇನೇ ಬರಬೇಕು ಅಂತ ಡ್ರೈವರ್‌ಗೆ ಹೇಳಿದ್ದೆ. ಬಯ್ಯೋದಿದ್ರೆ ನಾಳೆ ಬಯ್ಯಿ. ಈಗ ಹತ್ತಿ."

ಒಳಗಿಂದ ಗುಸ್ನಿ ಕೂಗಿದಳು: "ಬನ್ನಿ ರೀ, ತೊಡೆ ಮೇಲಾದ್ರೂ ಕೂರಿಸ್ಕೋತೀವಿ!"

ಗಂಡೂ ಚಿಕ್ಕಮ್ಮಂದಿರೂ ಹತ್ತಿದಮೇಲೆ ಏಳು ಜನರ ಗಾಡಿಯಲ್ಲಿ ಆಗಲೇ ಹತ್ತು ಜನ. ಅಜ್ಜನನ್ನು ಈ ತಿರುವಿನಲ್ಲಿ ಬಿಟ್ಟರೆ ಇಳಿಯುವ ಲಾರಿ ಗುದ್ದುತ್ತದೆ, ಯಾರಾದರೂ ನಿಂತು ಕೈ ಬೀಸಬೇಕು ಎಂದೆ. ಅದು ನಿಜ. ಪೂರ್ತಿ ನಿಜ ಅಲ್ಲ.

ವೀಳ್ಯದ ತಟ್ಟೆಯನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ತಗೊಂಡ.


ಹನ್ನೊಂದು ಗಂಟೆ. ಅದೇ ಕಲ್ಲು

ಈಗ ನಿಕಾಹ್ ಆಗುತ್ತಿರಬೇಕು. ಕೈಹಿಡಿದು ಒಪ್ಪಿಸುವವನು ಅಪ್ಪ. ಬೂದಿ ಅಂತಿದ್ದೆ. ಅವನಿಲ್ಲದೆ ನಿಕಾಹ್ ಇಲ್ಲ. ನಾನಿಲ್ಲದೆ ಆಗುತ್ತದೆ.

ಆಗುತ್ತಿದೆ.

ಕೆಳಗೆ ಸಮುದ್ರ ಕಾಣುತ್ತಿದೆ. ಲಾರಿಗಳಿಗೆ ಕೈ ಬೀಸುತ್ತಿದ್ದೇನೆ. ಕೆಲವರು ತಿರುಗಿ ನನಗೂ ಕೈ ಬೀಸುತ್ತಾರೆ, ಶುಭಾಶಯ ಹೇಳುವ ಹಾಗೆ. ಮಖಮಲ್ಲಿನ ಅಂಗಿ ನೋಡಿ ಮದುಮಗ ಅಂದುಕೊಂಡರೋ ಏನೋ.


೨ ಏಪ್ರಿಲ್, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಆರನೇ ತರಗತಿಯ ಮೇಷ್ಟ್ರು ಹೇಳಿದ್ದರು, ಆದದ್ದನ್ನು ಬರೆ, ಆಗಬೇಕಿದ್ದನ್ನಲ್ಲ ಅಂತ. ಅವರ ಮಾತನ್ನೂ ನಾನು ಯಾವಾಗ ಕೇಳಿದ್ದೆ.

ಅವತ್ತು ಊರು ಮುಟ್ಟಿದ್ದು ಮಧ್ಯಾಹ್ನ ಮೂರಕ್ಕೆ, ಎಲೆಕೋಸಿನ ಲಾರಿಯ ಹಿಂದೆ ಅಜ್ಜನನ್ನು ಹಗ್ಗದಲ್ಲಿ ಕಟ್ಟಿಸಿಕೊಂಡು. ರಿಬ್ಬನ್ ಇನ್ನೂ ಹಾಗೇ ಇತ್ತು. ಹಿಂದಿನ ಬಾಗಿಲಿನಿಂದ ನುಸುಳಬೇಕೆಂದಿದ್ದೆ. ದೇಸ್ಮಾ ಹಿಡಿದಳು. "ಎಲ್ಲಿ ಹೋಗ್ತೀಯ? ಅವಳು ಊಟ ಮಾಡಿಲ್ಲ."

ಫೀರಾ ಮಂಟಪದಲ್ಲಿ ಕೂತಿದ್ದಳು, ತಲೆಯ ಮೇಲೆ ಮೂರು ಕಿಲೋ ಬಂಗಾರದ ಬಣ್ಣದ ಕಿರೀಟ, ಮುಂದೆ ಮುಟ್ಟದ ತಟ್ಟೆ. ಮಾವ ಬರದೆ ತುತ್ತು ಎತ್ತುವುದಿಲ್ಲ ಅಂದಿದ್ದಳಂತೆ. ಹನ್ನೊಂದೂವರೆಯಿಂದ! ನೋಫ್ರಿ ಕೂಡ ತಿಂದಿರಲಿಲ್ಲ, ಅವನ ಮುಖ ನೋಡಿದರೆ ಅದು ಅವನ ಇಷ್ಟ ಅಲ್ಲ ಎಂದು ಗೊತ್ತಾಗುತ್ತಿತ್ತು.

"ದೊಡ್ಡಮಾವ, ಗಂಡು ಬಂದ. ಗಾಡಿನೂ ಬಂತು. ಸ್ವಲ್ಪ ಹಿಂದುಮುಂದು ಅಷ್ಟೆ."

ತುತ್ತು ಮಾಡಿ ಬಾಯಿಗಿಟ್ಟೆ. ರೆಂದಾಂಗ್ ಚೆನ್ನಾಗಿತ್ತು, ನಾಲ್ಕು ಗಂಟೆ ಬೆಂದದ್ದು. ಲಕೋಟೆ ಕೊಟ್ಟೆ. ತೆಳ್ಳಗಿತ್ತು. ಬಳೆ ಬಗ್ಗೆ ಅಕ್ಕಸಾಲಿಗನಿಗೆ ಜ್ವರ ಎಂದೆ. ಅವಳು ತಲೆಯಾಡಿಸಿದಳು. ಕಿರೀಟ ಗಲಗಲ ಅಂದಿತು.


೭ ಏಪ್ರಿಲ್, ಭಾನುವಾರ

ಅಸ್ರಿಲ್ ಚೇಂಬರ್ ಬಿಚ್ಚಿದ. ನಾನು ಹೋಗು ಅಂದವನನ್ನು ನಾನೇ ಕರೆಯಬೇಕಾಯಿತು. ಅವನು ನಗಲಿಲ್ಲ. ಇವರೆಲ್ಲ ಯಾಕೆ ನಗುವುದಿಲ್ಲ? ನಕ್ಕರೆ ಒಂದು ಜಗಳವಾದರೂ ಆಡಬಹುದು.

ಜಾಲರಿ ತಂದು ಅಂಗೈ ಮೇಲಿಟ್ಟ. ತೂತು ಎಂಬುದೇ ಇಲ್ಲ. ಕಪ್ಪು, ಅಂಟು, ಮೆತ್ತನೆ ಗಸಿ. ಬಾಣಲೆಯ ತಳದಲ್ಲಿ ಉಳಿಯುವ ರೆಂದಾಂಗಿನ ಕರಿಯೇ.

"ಎಷ್ಟು ಹೊತ್ತು ಓಡಿಸಿದ್ರಿ ಸುತಾನ್, ತೊಳೆಯೋ ಮದ್ದು ಹಾಕಿ?"

"ಇಪ್ಪತ್ತು ನಿಮಿಷ."

ಜಾಲರಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ನಾಲ್ಕು ಗಂಟೆ."

"ಕೊಳೆ ಎಲ್ಲ ಚೆನ್ನಾಗಿ ಬೆಂದಿದೆ," ಅಂದ. "ಮೇಲೆ ದಪ್ಪ ಮಾಡೋದು ಬೇರೆ ಹಾಕಿದ್ರಿ. ಮೊದಲೇ ತೂತು ಮುಚ್ಚಿತ್ತು, ಹೀರೋಕೆ ಜೇನುತುಪ್ಪ ಕೊಟ್ಟ ಹಾಗಾಯ್ತು." ಬೇರಿಂಗ್ ತೋರಿಸಿದ. ನೀಲಿಗಟ್ಟಿ ಕರಗಿ ಅಂಟಿಕೊಂಡಿದೆ. ಬೇರೆ ಹಳೇ ಎಂಜಿನ್ ತಂದು ಕೂರಿಸಿದರೆ ಅರವತ್ತು ಲಕ್ಷ. ಇಲ್ಲವೆಂದರೆ ಕೋಳಿಗೂಡು.

ಟೈ ಕಟ್ಟಿದವನ ಫೋನಿಗೆ ಇವತ್ತೂ ಮಾಡಿದೆ. ಆ ನಂಬರೇ ಇಲ್ಲ ಎನ್ನುತ್ತಾಳೆ ಒಬ್ಬಳು ಹೆಂಗಸು, ಬಹಳ ಮರ್ಯಾದೆಯಿಂದ.

ಮದ್ದು ಕೆಟ್ಟದ್ದೇ ಇರಲಾರದು ಎಂದೂ ಅಸ್ರಿಲ್ ಅಂದ. ಸೀಸದ ಬದಲಿನದನ್ನು ಬೇಕಾದರೆ ತಿಂಗಳಿಗೆ ಎರಡು ಬಾಟಲಿ ನಾನೇ ಕೊಳ್ಳುತ್ತೇನೆ, ಹಳೇ ಗಾಡಿ ಬರುತ್ತಿರುತ್ತವೆ ಅಂದ. ತಿಂಗಳಿಗೆ ಎರಡು. ಕಣಜ ಖಾಲಿಯಾಗುವ ಹೊತ್ತಿಗೆ ಫೀರಾಳ ಮೊಮ್ಮಕ್ಕಳಿಗೆ ಮದುವೆ.


೯ ಏಪ್ರಿಲ್, ಮಂಗಳವಾರ. ಬೆಳಿಗ್ಗೆ ಆರೂವರೆ

ಎಂದಿನಂತೆ ಬಂದೆ. ಬಾನೆಟ್ ಎತ್ತಿದೆ. ಆಯಿಲ್ ಕಡ್ಡಿಗೆ ಕೈ ಹಾಕಿದೆ, ಜಾಗ ಖಾಲಿ. ಎಂಜಿನ್ ಅಸ್ರಿಲ್‌ನ ಗ್ಯಾರೇಜಿನಲ್ಲಿ ಬಿಚ್ಚಿಬಿದ್ದಿದೆ. ಕೈ ಮಾತ್ರ ಅಭ್ಯಾಸಕ್ಕೆ ಹೋಗುತ್ತದೆ.

ಫೀರಾ ಕಾಫಿ ತಂದು ಪಕ್ಕದಲ್ಲೇ ಕೂತಳು. ಕೈ ಬರಿದು. ಗೋರಂಟಿ ಮಾಸಿದೆ.

"ದೊಡ್ಡಮಾವ, ಬಳೆ ನಂಗೆ ಬೇಡ. ಅಕ್ಕಸಾಲಿಗನಿಗೆ ಜ್ವರ ವಾಸಿಯಾಗೋದೂ ಬೇಡ. ಒಂದೇ ಕೇಳ್ತೀನಿ. ಎಷ್ಟು ಹೋಯ್ತು?"

"ಏನು ಎಷ್ಟು?"

"ಯಾರಿಗೂ ಹೇಳಲ್ಲ. ಗುಸ್ನಿ ಅತ್ತೆಗೂ ಹೇಳಲ್ಲ."

ಹದಿನೈದು ಲಕ್ಷ ಎಂದೆ. ಅವಳು ಕಾಫಿ ಲೋಟ ನನ್ನ ಕಡೆ ಸರಿಸಿದಳು. ಮೂವತ್ತು ಎಂದೆ. ಎದ್ದು ಒಳಗೆ ಹೋದಳು. ಅಂಗಳದಲ್ಲಿ ಬೈಕು ಸ್ಟಾರ್ಟ್ ಮಾಡುತ್ತಿದ್ದ ಮೇಷ್ಟ್ರು ಆ ಕಡೆ ಮುಖ ತಿರುಗಿಸಿಕೊಂಡಿದ್ದ. ಕೇಳಿಸಿಕೊಂಡು ಕೇಳಿಸದ ಹಾಗೆ ಇರುವುದರಲ್ಲಿ ಅವನಂಥವನು ಇಲ್ಲ.

ಇಲ್ಲಿ ಯಾರೂ ಇಲ್ಲ. ಬರೆಯುತ್ತೇನೆ. ಪೆಟ್ಟಿಗೆ ನಾಲ್ಕಲ್ಲ, ಹತ್ತು. ಒಂದೊಂದರಲ್ಲಿ ಇಪ್ಪತ್ತನಾಲ್ಕು ಬಾಟಲಿ, ಏಜೆಂಟನೆಂದು ನಲವತ್ತು ಸಾವಿರದಂತೆ. ಮಂತ್ರಿಯಂತೆ ಕಾಣುವ ಆ ಗುರುತಿನ ಚೀಟಿಗೆ ಬೇರೆ ಒಂದೂವರೆ ಲಕ್ಷ. ಹೋರಿ ಮಾರಿದ್ದು ಅರವತ್ತಕ್ಕಲ್ಲ, ತೊಂಬತ್ತೆಂಟು ಲಕ್ಷಕ್ಕೆ. ಹೋದದ್ದು ತೊಂಬತ್ತೇಳು ಲಕ್ಷದ ಐವತ್ತು ಸಾವಿರ. ಇಡೀ ಹೋರಿ, ಬಾಲ ಒಂದು ಬಿಟ್ಟು. ಬಾಲ ಫೀರಾಳ ಲಕೋಟೆಯಲ್ಲಿ ಹೋಯಿತು, ಐವತ್ತು ಸಾವಿರ.